ಗೂಡು ಕಾಯುವ ತಂದೆ

ಮೀನುಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟು ತಮ್ಮ ದಾರಿ ಹಿಡಿಯುತ್ತವೆ. ಮರಿಗಳು ಬದುಕಿದರೆ ಅವುಗಳ ಪುಣ್ಯ. ಉತ್ತರ ಅಮೆರಿಕದ ಸರೋವರಗಳ ಬಾಸ್ ಮೀನಿನ ರೀತಿಯೇ ಬೇರೆ. ನಮ್ಮ ಕೆರೆಗಳ ಕೊರವ ಮೀನಿನಂತೆ ಇದೂ ಸಂತಾನವನ್ನು ಕಾಯುವ ಜಾತಿ. ಆದರೆ ಇಲ್ಲಿ ಶಿಶುಪಾಲನೆಯ ಹೊಣೆಯೆಲ್ಲ ತಂದೆಯದು.

ವಸಂತದಲ್ಲಿ ಚಳಿ ಹಿಂಜರಿದು ನೀರಿನ ಉಷ್ಣತೆ ಸುಮಾರು 15 ಡಿಗ್ರಿ ಸೆಂಟಿಗ್ರೇಡ್ ದಾಟಿತೆಂದರೆ, ದೊಡ್ಡ ಬಾಯಿಯ ಗಂಡು ಬಾಸ್ ದಡದ ಬಳಿಯ ಆಳವಿಲ್ಲದ ನೀರಿಗೆ ಬರುತ್ತದೆ. ಬಾಲದಿಂದ ತಳದ ಹೂಳನ್ನು ಗುಡಿಸಿ ಬೋಗುಣಿಯಂಥ ಗೂಡನ್ನು ಸಿದ್ಧಪಡಿಸುತ್ತದೆ. ಹೆಣ್ಣು ಬಂದು ಸಾವಿರಾರು ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ. ಅಂದಿನಿಂದ ಗಂಡಿಗೆ ಹಗಲಿರುಳೂ ಪಹರೆ. ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರನ್ನು ಹಾಯಿಸುತ್ತದೆ. ಹತ್ತಿರ ಸುಳಿದವರನ್ನು ಅಟ್ಟುತ್ತದೆ. ಕೆಲವೇ ದಿನಗಳಲ್ಲಿ ಮೊಟ್ಟೆ ಒಡೆದರೂ, ಮರಿಗಳು ಸ್ವತಂತ್ರವಾಗುವವರೆಗೆ ವಾರಗಟ್ಟಲೆ ಕಾವಲು ತಪ್ಪದು. ಈ ಅವಧಿಯಲ್ಲಿ ಅದಕ್ಕೆ ಆಹಾರದ ಪರಿವೆ ಇಲ್ಲವೆಂದೇ ಹೇಳಬಹುದು.

ಹಸಿವಿಲ್ಲದ ಮೀನು ಗಾಳಕ್ಕೆ ಹೇಗೆ ಬಿದ್ದೀತು? ಸೋಜಿಗವಿರುವುದು ಇಲ್ಲಿಯೇ. ಗಾಳಗಾರನು ಗೂಡನ್ನು ಕಣ್ಣಾರೆ ಕಂಡು, ಅದರ ನಡುವೆಯೇ ಎರೆಯನ್ನು ಇಳಿಬಿಡುತ್ತಾನೆ. ಮನೆಗೆ ನುಗ್ಗಿದ ಶತ್ರುವೆಂದು ಬಗೆದು, ಅದನ್ನು ಹೊರಹಾಕಲು ತಂದೆ ಬಾಯಿ ಹಾಕುತ್ತದೆ, ಸಿಕ್ಕಿಬೀಳುತ್ತದೆ. ಅದಕ್ಕೆ ಉರುಲಾಗುವುದು ಹೊಟ್ಟೆಬಾಕತನವಲ್ಲ, ವಾತ್ಸಲ್ಯ.

ಹಿಡಿದ ಮೀನನ್ನು ಮರಳಿ ನೀರಿಗೆ ಬಿಟ್ಟರೆ ದೋಷವೇನು ಎಂದು ಕೇಳುವವರುಂಟು. ಆದರೆ ಕಾವಲುಗಾರನು ಮರೆಯಾದ ಕೆಲವೇ ನಿಮಿಷಗಳಲ್ಲಿ ಹೊಂಚಿ ಕುಳಿತ ಸಣ್ಣ ಮೀನುಗಳು ಮೊಟ್ಟೆಗಳಿಗೆ ಮುಗಿಬೀಳುತ್ತವೆ. ತಂದೆ ಹಿಂದಿರುಗುವಾಗ ಸಂಸಾರ ಬರಿದಾಗಿದ್ದರೆ ಗೂಡನ್ನೇ ತೊರೆಯುವುದುಂಟು. ಸ್ಪರ್ಧೆಗಳಲ್ಲಿ ಮೀನನ್ನು ತೊಟ್ಟಿಯಲ್ಲಿರಿಸಿ, ತೂಗಿ, ದೂರದಲ್ಲಿ ಬಿಟ್ಟಾಗ ಹಾನಿ ಇನ್ನೂ ಹೆಚ್ಚು.

ಇಲಿನಾಯ್ ರಾಜ್ಯದ ರಿಡ್ಜ್ ಸರೋವರದ ಮೀನುಗಳ ಮೇಲೆ ಹಲವು ತಲೆಮಾರುಗಳವರೆಗೆ ನಡೆಸಿದ ಪ್ರಯೋಗದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಗಾಳಕ್ಕೆ ಸುಲಭವಾಗಿ ಸಿಕ್ಕುವ ಗುಣವು ವಂಶಪಾರಂಪರ್ಯವಾಗಿ ಬರುತ್ತದೆಂದು ಅದು ತೋರಿಸಿತು. ಗೂಡನ್ನು ಹೆಚ್ಚು ಕೆಚ್ಚಿನಿಂದ ಕಾಯುವ ಗಂಡುಗಳೇ ಗಾಳಕ್ಕೂ ಹೆಚ್ಚಾಗಿ ಬೀಳುತ್ತವೆಂಬುದು ಮುಂದಿನ ಸಂಶೋಧನೆಗಳಿಂದ ಕಂಡುಬಂದಿತು. ಎಂದರೆ, ಉತ್ತಮ ತಂದೆಗಳೇ ಮೊದಲು ಕಳೆದುಹೋಗುವ ಅಪಾಯವುಂಟು.

ಕೆನಡಾದ ದಕ್ಷಿಣ ಆಂಟೇರಿಯೊದ ಬಹುಭಾಗದಲ್ಲಿ ಬಾಸ್ ಬೇಟೆಯ ಕಾಲ ಆರಂಭವಾಗುವುದು ಜೂನ್ ತಿಂಗಳ ಉತ್ತರಾರ್ಧದಲ್ಲಿ. ಟೆಕ್ಸಾಸ್, ಫ್ಲಾರಿಡಾಗಳಲ್ಲಿಯಾದರೋ ವರ್ಷವಿಡೀ ಅವಕಾಶವಿದೆ. ಉಳಿದ ಗೂಡುಗಳ ಮರಿಗಳೇ ಸರೋವರವನ್ನು ತುಂಬಬಲ್ಲವೆಂಬುದು ಅಂಥ ಬೆಚ್ಚನೆಯ ನಾಡುಗಳ ವಾದ.

ಇದಕ್ಕೆ ತೀರ ವಿರುದ್ಧವಾದ ನೋಟ ಜಪಾನಿನದು. ಅಲ್ಲಿನ ಆಶಿ ಸರೋವರಕ್ಕೆ 1925ರಲ್ಲಿ ಅಮೆರಿಕದಿಂದ ತಂದು ಬಿಟ್ಟ ಬಾಸ್, ಕಾಲಕ್ರಮದಲ್ಲಿ ದೇಶದ ತುಂಬ ಹರಡಿ ಸ್ಥಳೀಯ ಮೀನುಗಳನ್ನು ನುಂಗತೊಡಗಿತು. ಬಿವಾ ಸರೋವರದಲ್ಲಿ ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವುದು 2003ರಿಂದ ನಿಷಿದ್ಧ. ಇಜುನುಮಾ ಎಂಬಲ್ಲಿ ಕೃತಕ ಗೂಡುಗಳನ್ನಿರಿಸಿ, ಬಾಸ್ ಅಲ್ಲಿಟ್ಟ ಮೊಟ್ಟೆಗಳನ್ನು ನಾಶಪಡಿಸುವ ವಿಧಾನವನ್ನು ರೂಪಿಸಿದ್ದಾರೆ.

ಒಂದೆಡೆ ರಕ್ಷಣೆ ಪಡೆದ ಗೂಡು ಇನ್ನೊಂದೆಡೆ ಬಲೆಯಾಗಿದೆ. ತನ್ನ ನೀರು ಯಾವ ದೇಶದ್ದೆಂದು ಮೀನು ಅರಿಯದು; ಎಲ್ಲಿದ್ದರೂ ಮೊಟ್ಟೆಗಳನ್ನು ಕಾಯುವುದಷ್ಟೇ ಅದಕ್ಕೆ ಗೊತ್ತು. ಗಾಳವನ್ನು ಎಲ್ಲಿ, ಯಾವಾಗ ಇಳಿಬಿಡಬೇಕೆಂಬ ವಿವೇಕ ಮನುಷ್ಯನಿಗೆ ಸೇರಿದ್ದು.