ಐಕ್ಯೂ ಅಂಕವನ್ನು ಎಷ್ಟು ನಂಬಬೇಕು?

ಬುದ್ಧಿಶಕ್ತಿ ಪರೀಕ್ಷೆಯ ವರದಿ ಬಂದೊಡನೆ ತಂದೆತಾಯಿಯ ಕಣ್ಣು ಹುಡುಕುವುದು ಐಕ್ಯೂ ಅಂಕವನ್ನು. ಅದರ ಸುತ್ತ ಬೆಳೆದಿರುವ ತಪ್ಪು ತಿಳಿವಳಿಕೆಗಳು ಹಲವು.

ತಪ್ಪು ಕಲ್ಪನೆ: ವರದಿಯಲ್ಲಿ 88 ಎಂದಿದ್ದರೆ ಮಗುವಿನ ಐಕ್ಯೂ 88.

ಸತ್ಯ: ಅದು ಆ ದಿನ ಸಿಕ್ಕ ಅಂಕ, ಅಷ್ಟೆ. ನಿದ್ದೆಗೆಟ್ಟಿದ್ದರೆ, ಹೊಸಬರ ಮುಂದೆ ಮಗು ಹಿಂಜರಿದರೆ ಅಂಕ ಇಳಿಯಬಹುದು. ಊಹಿಸಿ ಹೇಳಿದ ಉತ್ತರ ಸರಿಯಾದರೆ ಏರಬಹುದು. ಈ ಏರುಪೇರೇ ಮಾಪನ ದೋಷ. ಎಷ್ಟೇ ಒಳ್ಳೆಯ ಪರೀಕ್ಷೆಯಲ್ಲೂ ಅದು ಸೊನ್ನೆಯಾಗದು.

ತಪ್ಪು ಕಲ್ಪನೆ: ಪರೀಕ್ಷೆಯ ವಿಶ್ವಾಸಾರ್ಹತೆ 0.90 ಎಂದರೆ ಅಂಕ ಶೇ 90ರಷ್ಟು ಸರಿ.

ಸತ್ಯ: ವಿಶ್ವಾಸಾರ್ಹತೆ ಎಂದರೆ ಅಂಕಗಳು ಎಷ್ಟು ಸ್ಥಿರ ಎಂಬುದರ ಅಳತೆ; 0.90 ಎಂಬುದು ದೊಡ್ಡ ಗುಂಪಿನ ಅಂಕಗಳಿಂದ ತೆಗೆದ ಲೆಕ್ಕ. ಒಬ್ಬರ ಅಂಕ ಎಷ್ಟು ಆಚೀಚೆ ಆಗಬಹುದೆಂದು ತಿಳಿಯಲು ಇನ್ನೊಂದು ಹೆಜ್ಜೆ ಬೇಕು. ಐಕ್ಯೂ ಅಂಕಗಳ ಸರಾಸರಿ 100, ಮಾನಕ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) 15. ವಿಶ್ವಾಸಾರ್ಹತೆಯನ್ನು 1ರಿಂದ ಕಳೆದು, ಉಳಿದದ್ದರ ವರ್ಗಮೂಲವನ್ನು 15ರಿಂದ ಗುಣಿಸಿದರೆ ಸುಮಾರು 4.7 ಬರುತ್ತದೆ. ಶೇ 95ರ ಭರವಸೆಗೆ ಇದರ ಹೆಚ್ಚುಕಡಿಮೆ ಎರಡರಷ್ಟನ್ನು ಎರಡೂ ಕಡೆ ಬಿಡಬೇಕು. ಆಗ 88 ಎಂಬುದು 79ರಿಂದ 97ರವರೆಗಿನ ವ್ಯಾಪ್ತಿ. ವಿಶ್ವಾಸಾರ್ಹತೆ 0.70ಕ್ಕೆ ಇಳಿದರೆ ವ್ಯಾಪ್ತಿ 72ರಿಂದ 104! ಗುಂಪುಗಳ ಸರಾಸರಿ ಹೋಲಿಸುವ ಸಂಶೋಧಕರಿಗೆ 0.70 ಸಾಕಾಗಬಹುದು, ಏಕೆಂದರೆ ಒಬ್ಬರಲ್ಲಿ ಹೆಚ್ಚಾದದ್ದು ಮತ್ತೊಬ್ಬರಲ್ಲಿ ಕಡಿಮೆಯಾಗಿ ಸರಿದೂಗುತ್ತದೆ. ಒಬ್ಬರನ್ನೇ ಅಳೆಯುವಾಗ ಸರಿದೂಗಿಸಲು ಮತ್ತೊಬ್ಬರಿಲ್ಲ. ವ್ಯಕ್ತಿಯ ಕುರಿತ ಮಹತ್ವದ ತೀರ್ಮಾನಕ್ಕೆ 0.90 ಕನಿಷ್ಠ, 0.95 ಇದ್ದರೆ ಒಳಿತು ಎಂದು ಮನೋಮಾಪನ ತಜ್ಞ ಜಮ್ ನನಲಿ ಹೇಳಿದ್ದು ಇದಕ್ಕೇ.

ತಪ್ಪು ಕಲ್ಪನೆ: ವರ್ಷದಲ್ಲಿ 6 ಅಂಕ ಏರಿದೆ, ತರಬೇತಿ ಫಲಿಸಿದೆ.

ಸತ್ಯ: ಎರಡೂ ಅಂಕಗಳಲ್ಲಿ ದೋಷವಿರುವುದರಿಂದ ವ್ಯತ್ಯಾಸದಲ್ಲಿ ಅದು ಇನ್ನಷ್ಟು ಹಿಗ್ಗುತ್ತದೆ. ವಿಶ್ವಾಸಾರ್ಹತೆ 0.90 ಇದ್ದರೂ ಸುಮಾರು 13 ಅಂಕದೊಳಗಿನ ಏರಿಳಿತ ಬರೀ ಆಕಸ್ಮಿಕವಾಗಿರಬಹುದು. ಮರುಪರೀಕ್ಷೆಯಲ್ಲಿ ಅಭ್ಯಾಸಬಲವೂ ಅಂಕ ಏರಿಸುತ್ತದೆ.

ತಪ್ಪು ಕಲ್ಪನೆ: ಗೆರೆ ದಾಟಿದರೆ ದಾಟಿದಂತೆ, ಒಂದೇ ಅಂಕವಾದರೂ.

ಸತ್ಯ: ಅಂಕ ಗೆರೆಯ ಹತ್ತಿರವಿದ್ದಾಗ ಮಾಪನ ದೋಷವನ್ನೂ ಲೆಕ್ಕಿಸಬೇಕು; ನ್ಯಾಯಾಲಯವೂ ಹೀಗೆಂದಿದೆ. ಬೌದ್ಧಿಕ ನ್ಯೂನತೆ ಇರುವವರಿಗೆ ಮರಣದಂಡನೆ ಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪಿತ್ತಿತ್ತು. ಆದರೆ ಫ್ಲಾರಿಡಾ ರಾಜ್ಯ, ಐಕ್ಯೂ 70ಕ್ಕಿಂತ ಹೆಚ್ಚಿದ್ದರೆ ಬೇರೆ ಪುರಾವೆ ನೋಡುವುದೇ ಇಲ್ಲ ಎನ್ನುತ್ತಿತ್ತು. ಫ್ರೆಡ್ಡಿ ಲೀ ಹಾಲ್ ಎಂಬ ಕೈದಿಯ ಅಂಕ 71. ಮಾಪನ ದೋಷವನ್ನು ಲೆಕ್ಕಿಸದ ಈ ನಿಯಮ ಸಂವಿಧಾನಬಾಹಿರವೆಂದು 2014ರಲ್ಲಿ ಅದೇ ಕೋರ್ಟ್ 5–4ರ ಬಹುಮತದಿಂದ ತಳ್ಳಿಹಾಕಿತು.

ವರದಿ ಪಡೆಯುವಾಗ ಅಂಕದ ಜೊತೆ ವ್ಯಾಪ್ತಿಯನ್ನೂ ಬರೆದುಕೊಡಿ ಎಂದು ಮನಶ್ಶಾಸ್ತ್ರಜ್ಞರನ್ನು ಕೇಳಿ. ಒಂದೇ ದಿನದ ಒಂದೇ ಅಂಕ ನೋಡಿ ಮಗುವಿನ ಓದಿನ ದಾರಿ ನಿರ್ಧರಿಸಬೇಡಿ.