ಯಜಮಾನ್ರೇ, ಹಾಗೆ ಅನ್ನಿಸಿದೆಯಾ?

ಜಿಲ್ಲಾ ಆಸ್ಪತ್ರೆಯ ತರಬೇತಿ ಕೊಠಡಿ. ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ ನಡುವೆ ಎರಡೇ ಕುರ್ಚಿ ಹಾಕಿದ್ದಾರೆ. ಎದುರುಬದುರಾಗಿ ಅಲ್ಲ, ಕೊಂಚ ಓರೆಯಾಗಿ. ಒಂದರಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಲೆ ತಗ್ಗಿಸಿ ಕುಳಿತವರು ಮನೋರೋಗ ವಿಭಾಗದ ನರ್ಸ್. ಈ ಹೊತ್ತಿಗೆ ಅವರು ಸಾಲದಲ್ಲಿ ಮುಳುಗಿದ ರೈತ. ಇನ್ನೊಂದರಲ್ಲಿ ಆಪ್ತಸಮಾಲೋಚಕಿ. ಸುತ್ತ ಕುಳಿತವರೂ ಇದೇ ಕಸುಬಿನವರು: ಮನೋವೈದ್ಯರು, ಸೈಕಾಲಜಿಸ್ಟ್‌ಗಳು, ಮಂಗಳವಾರ ಬಂತೆಂದರೆ ಮನೋಚೈತನ್ಯ ಕ್ಲಿನಿಕ್ಕಿಗೆಂದು ತಾಲ್ಲೂಕು ಆಸ್ಪತ್ರೆಗೆ ಜೀಪು ಹತ್ತುವವರು.

"ನಿದ್ದೆ ಬರುತ್ತಾ?"

"ಎಲ್ಲಿ ಬರುತ್ತೆ ಮೇಡಂ. ನಾನೊಬ್ಬ ಇಲ್ದಿದ್ರೆ ಮನೆಯೋರಿಗೆ ಒಂದು ಹೊರೆ ಕಮ್ಮಿ."

ಆಕೆಯ ಬೆರಳು ಪೆನ್ನಿನ ಮುಚ್ಚಳವನ್ನು ತೆಗೆಯುತ್ತದೆ, ಹಾಕುತ್ತದೆ. "ಹಾಗೆಲ್ಲ ಅನ್ಬಾರ್ದು. ಅಂಥ ಯೋಚನೆ ಏನೂ ಇಲ್ಲ ತಾನೆ?"

"ಇಲ್ಲ ಬಿಡಿ."

ತರಬೇತುದಾರರು ಕೈ ಎತ್ತಿ ನಿಲ್ಲಿಸುತ್ತಾರೆ. ಯಾರೂ ನಗುವುದಿಲ್ಲ. ಇಲ್ಲಿರುವ ಬಹುತೇಕರು ಹೀಗೆಯೇ ಕೇಳಿದವರು. 'ಇಲ್ಲ' ಎಂಬ ಉತ್ತರವನ್ನೇ ಬಯಸಿ ಕೇಳಿದರೆ ನೊಂದವರು ಅದನ್ನೇ ಕೊಟ್ಟು ಎದ್ದು ಹೋಗುತ್ತಾರೆ. ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಓದಿದವರಲ್ಲೂ ಇದೆ. ಹಾಗೇನೂ ಆಗುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಯಾರಾದರೂ ಕೇಳಿದರಲ್ಲ ಎಂದು ಹಲವರಿಗೆ ನಿರಾಳವೇ ಆಗುತ್ತದೆ.

ಮತ್ತೆ ಮೊದಲಿನಿಂದ. ಈ ಸಲ ಪೆನ್ನು ಕೆಳಗಿದೆ. "ಯಜಮಾನ್ರೇ, ಇಷ್ಟು ಕಷ್ಟ ಬಂದಾಗ ಕೆಲವರಿಗೆ ಸತ್ತು ಹೋಗೋಣ ಅನ್ನಿಸುತ್ತೆ. ನಿಮಗೆ ಹಾಗೆ ಅನ್ನಿಸಿದೆಯಾ?"

ಟವೆಲಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತದೆ. ಆಕೆ ಕಾಯುತ್ತಾರೆ. ನಟನೆಯೆಂದು ಗೊತ್ತಿದ್ದರೂ ಆ ಮೌನ ಸಹಿಸುವುದು ಕಷ್ಟ.

"ಅನ್ನಿಸುತ್ತೆ ಮೇಡಂ."

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಯೋಚನೆ ಎಷ್ಟು ದಿನದ್ದು, ಎಲ್ಲಿಯವರೆಗೆ ಬಂದಿದೆ, ಹಿಂದೆ ಪ್ರಯತ್ನ ಆಗಿತ್ತೇ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ. ಆಮೇಲೆ ಒಂದು ಹಾಳೆ. ಅಮೆರಿಕದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗೊರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ ಇಲ್ಲಿ ರೈತನದೇ ಮಾತಿನಲ್ಲಿ ಇಳಿಯುತ್ತದೆ: "ಸಂಜೆ ಒಬ್ಬನೇ ಕೂತ್ರೆ ತಲೆ ಕೆಡುತ್ತೆ. ಆಗ ತಮ್ಮನ ಮನೆಗೆ ಹೋಗ್ತೀನಿ." ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ಇಡುವ ಹೊಣೆ ಮನೆಯವರಿಗೆ. ಫೋನ್ ನಂಬರುಗಳು ದೊಡ್ಡ ಅಕ್ಷರದಲ್ಲಿ.

"ಮಕ್ಕಳ ಮೇಲೆ ಆಣೆ ಮಾಡಿಸಿಕೊಂಡರೆ?" ಎಂದು ಹಿಂದಿನಿಂದ ಒಬ್ಬರು ಕೇಳುತ್ತಾರೆ. ಬೇಡ, ಎನ್ನುತ್ತಾರೆ ತರಬೇತುದಾರರು. ಆಣೆ ಕಾಪಾಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಆಣೆ ಇಟ್ಟವರು ಮುಂದಿನ ಸಲ ಬಾಯಿ ಬಿಡಲು ಹಿಂಜರಿಯಬಹುದು. ಅದಕ್ಕಿಂತ ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಹೋದವರಿಗೆ ಮೊದಲ ವಾರದಲ್ಲೇ ಒಂದು ಫೋನ್ ಮಾಡಿ. ಅಪಾಯ ಹೆಚ್ಚಿರುವ ದಿನಗಳೇ ಅವು.

2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ, ಕರ್ನಾಟಕದಲ್ಲಿ 13,606 ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ. ಅದೇ ವರ್ಷ ಬಂದ ರಾಷ್ಟ್ರೀಯ ಕಾರ್ಯತಂತ್ರದ ಗುರಿ 2030ರೊಳಗೆ ಈ ಸಾವುಗಳನ್ನು ಶೇ 10ರಷ್ಟು ಇಳಿಸುವುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಪ್ರಾಣ ಕಳೆದುಕೊಳ್ಳಲು ಹೊರಟವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದೇ ಕಂಡು, ಅವರ ಆರೈಕೆಯನ್ನು ಸರ್ಕಾರದ ಕರ್ತವ್ಯವಾಗಿಸಿದೆ. ಕಾಗದದ ಮೇಲೆ ಇಷ್ಟೆಲ್ಲ ಇದೆ. ಆದರೆ ಹೊರರೋಗಿಗಳ ಸಾಲು ಬಾಗಿಲು ದಾಟಿ ನಿಂತಿರುವಾಗ, ಒಬ್ಬರ ಮುಂದೆ ಆ ಮೌನದಲ್ಲಿ ಕೂರುವಷ್ಟು ವೇಳೆ ಸಿಬ್ಬಂದಿಗೆ ಸಿಗಬೇಕು. ಒಂದು ದಿನದ ತರಬೇತಿ, ಒಂದು ಪ್ರಮಾಣಪತ್ರ ಸಾಲದು. ವರ್ಷವರ್ಷವೂ ಹೀಗೆ ಕುರ್ಚಿ ಹಾಕಿ ಅಭ್ಯಾಸ ಮಾಡಿಸಬೇಕು, ಖಾಲಿ ಹುದ್ದೆಗಳನ್ನು ತುಂಬಬೇಕು.

ಇದನ್ನು ಓದುತ್ತಿರುವ ನಿಮ್ಮ ಮನಸ್ಸೇ ಸೋತಿದ್ದರೆ, ಅಥವಾ ನಿಮ್ಮವರ ಮಾತಿನಲ್ಲಿ ಆ ಭಾರ ಕೇಳಿಸಿದರೆ, ದಯವಿಟ್ಟು ತಡಮಾಡಬೇಡಿ: ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.