ವಿಮಾನ ನಿಲ್ದಾಣದ ‘ಲೌಂಜ್’: ಸೌಲಭ್ಯ ಯಾವುದು, ಹಕ್ಕು ಯಾವುದು?

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಮನೆತನಗಳಿಗೆ ಊರು ಬಿಟ್ಟು ದುಡಿಯಲು ಹೋಗುವುದು ಹೊಸ ಸಂಗತಿಯಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ನಿಲಂಗಾ ಮತ್ತು ಉದಗೀರಗಳು ಬೀದರ ಜಿಲ್ಲೆಗೆ ಸೇರಿದ್ದವು. ಗಡಿರೇಖೆ ಬದಲಾದರೂ ಬೀದರ, ಕಲಬುರಗಿ, ಹೈದರಾಬಾದುಗಳೊಡನೆ ನಮ್ಮ ಹೋಗುಬರುವಿಕೆ ನಿಲ್ಲಲಿಲ್ಲ. ಬದಲಾದದ್ದು ಪ್ರಯಾಣದ ಸಾಧನ ಮಾತ್ರ. ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ 2008ರ ಮಾರ್ಚಿನಲ್ಲಿ ತೆರೆಯಿತು. ಕಲಬುರಗಿಯದು 2019ರ ನವೆಂಬರ್ 22ರಂದು, ಬೀದರಿನದು 2020ರ ಫೆಬ್ರವರಿ 7ರಂದು ಉದ್ಘಾಟನೆಗೊಂಡವು. ಸಣ್ಣ ನಿಲ್ದಾಣಗಳ ವಿಮಾನ ಸೇವೆ ಆಗಾಗ ನಿಂತು, ಮತ್ತೆ ಆರಂಭವಾಗುವುದುಂಟು. ಆದರೂ ಕನ್ನಡ ಶಾಲೆಯಲ್ಲಿ ಕಲಿತು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೌಕರಿ ಹಿಡಿದ ನಮ್ಮ ಮಕ್ಕಳು ಹಬ್ಬಕ್ಕೆ, ಲಗ್ನಕ್ಕೆ, ಆಸ್ಪತ್ರೆಯ ಕೆಲಸಕ್ಕೆ ತಂದೆತಾಯಿಗಳಿಗೆ ವಿಮಾನದ ಟಿಕೆಟ್ ತೆಗೆಸುವುದು ಈಗ ಅಪರೂಪವಲ್ಲ.

ಇಂಥ ಪ್ರಯಾಣದಲ್ಲಿ ಎದುರಾಗುವ ಹೊಸ ಶಬ್ದವೇ ‘ಲೌಂಜ್’. ಭದ್ರತಾ ತಪಾಸಣೆ ಮುಗಿದ ಮೇಲೆ ಗಾಜಿನ ಬಾಗಿಲ ಹಿಂದೆ ಕಾಣುವ ಈ ಕೋಣೆಗೆ ಯಾರು ಹೋಗಬಹುದು? ಅಲ್ಲಿಯ ಊಟ ನಿಜಕ್ಕೂ ಪುಕ್ಕಟೆಯೇ? ಒಳಗೆ ಬಿಡದಿದ್ದರೆ ಕೇಳುವ ಅಧಿಕಾರ ಉಂಟೇ? ಕಕ್ಷಿದಾರರೂ ಬಂಧುಗಳೂ ಈ ಪ್ರಶ್ನೆಗಳನ್ನು ನನ್ನಲ್ಲಿ ಕೇಳುತ್ತಿರುತ್ತಾರೆ. ಕಾನೂನಿನ ದೃಷ್ಟಿಯಿಂದ ಅವುಗಳಿಗೆ ಉತ್ತರಿಸುವ ಪ್ರಯತ್ನ ಈ ಲೇಖನ.

ಆಹ್ವಾನಿತರ ಕೋಣೆ

ಜಗತ್ತಿನ ಮೊದಲ ವಿಮಾನಯಾನ ಲೌಂಜ್ ಆರಂಭವಾದದ್ದು 1939ರಲ್ಲಿ, ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಲ್ಲಿ. ಅಮೆರಿಕನ್ ಏರ್‌ಲೈನ್ಸ್ ಸ್ಥಾಪಿಸಿದ ‘ಅಡ್ಮಿರಲ್ಸ್ ಕ್ಲಬ್’ ಅದರ ಹೆಸರು. ಕಂಪನಿ ಯಾರನ್ನು ಗಣ್ಯರೆಂದು ಆರಿಸುತ್ತಿತ್ತೋ ಅವರಿಗೆ ಮಾತ್ರ ಅಲ್ಲಿ ಪ್ರವೇಶವಿತ್ತು. ಇದು ಪಕ್ಷಪಾತವೆಂದು ದಾವೆ ಹೂಡಲಾದ ಬಳಿಕ ಶುಲ್ಕ ಕೊಟ್ಟವರಿಗೂ ಸದಸ್ಯತ್ವ ನೀಡುವ ಪದ್ಧತಿ ಬಂದಿತು. ಗಣ್ಯರ ಕೋಣೆ ಗ್ರಾಹಕರ ಕೋಣೆಯಾದದ್ದು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಎಂಬುದನ್ನು ವಕೀಲನಾದವನು ಮರೆಯಲಾರ.

ರೈಲಿನ ಕಾಲವನ್ನು ಕಂಡ ನಮಗೆ ಇದರ ಹಿಂದಿನ ಭಾವನೆ ಅಪರಿಚಿತವಲ್ಲ. ಮೇಲ್ದರ್ಜೆಯವರ ನಿರೀಕ್ಷಣಾ ಕೊಠಡಿ ಬೇರೆ, ಉಳಿದವರ ಕಲ್ಲುಬೆಂಚು ಬೇರೆ ಎಂಬ ಏರ್ಪಾಡು ರೈಲು ನಿಲ್ದಾಣಗಳಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಆ ಬಾಗಿಲ ಮುಂದೆ ನಿಂತು ಹಿಂಜರಿದ ಹಿರಿಯರ ಅಳುಕು ಇಂದಿಗೂ ನಮ್ಮಲ್ಲಿ ಉಳಿದಿದೆ.

ಒಳಗೆ ಏನಿದೆ

ಕಳೆದ ವರ್ಷ ವೃತ್ತಿಯ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಕರೆಸಿಕೊಂಡವರು ಹೈದರಾಬಾದಿಗೆ ಮರಳಲು ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಡಿಸಿದ್ದರು. ಅಲ್ಲಿಂದ ಮುಂದೆ ಜಹೀರಾಬಾದ್, ಹುಮನಾಬಾದ್ ದಾಟಿ ಉಮರ್ಗಾ ಸೇರುವ ಹೆದ್ದಾರಿಯ ಹಾದಿ ಹೇಗೂ ಇದ್ದೇ ಇತ್ತು. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ 2022ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಬಿದಿರಿನ ಛಾವಣಿ, ತೂಗುವ ಹಸಿರು ಬಳ್ಳಿಗಳಿಂದ ಅದು ತೋಟವೊಂದರಂತೆ ಕಾಣುತ್ತದೆ. 2023ರ ಜನವರಿ 15ರಂದು ಈ ಟರ್ಮಿನಲ್ಲಿನಿಂದ ಹೊರಟ ಮೊಟ್ಟಮೊದಲ ವಿಮಾನ ನಮ್ಮ ನೆರೆಯ ಕಲಬುರಗಿಗೇ ಹೋಗಿತ್ತೆಂಬುದು ಗಡಿನಾಡಿನವರಿಗೆ ಹೆಮ್ಮೆಯ ವಿಷಯ.

ಲೌಂಜಿನ ಮೇಜಿನ ಬಳಿ ಬೋರ್ಡಿಂಗ್ ಪಾಸ್ ತೋರಿಸಿದೆ. ಪರಿಶೀಲಿಸಿ ಒಳಬಿಟ್ಟರು. ಒಳಗೆ ಮೆತ್ತನೆಯ ಆಸನಗಳು, ಮೊಬೈಲ್ ಚಾರ್ಜ್ ಮಾಡುವ ವ್ಯವಸ್ಥೆ, ಶುಚಿಯಾದ ಶೌಚಾಲಯ, ಸಾಲಾಗಿ ಜೋಡಿಸಿದ ಬಿಸಿ ತಿಂಡಿಗಳು. ಇಡ್ಲಿ, ವಡೆ, ಉಪ್ಪಿಟ್ಟು, ಕಾಫಿ ಎಲ್ಲವೂ ಇದ್ದವು, ಬೇಕಾದಷ್ಟನ್ನು ಬಡಿಸಿಕೊಳ್ಳಬಹುದು. ಬಡಿಸುವವರೊಡನೆ ಕನ್ನಡದಲ್ಲಿಯೇ ಮಾತಾಡಿದೆ, ಕನ್ನಡದಲ್ಲಿಯೇ ಉತ್ತರ ಬಂದಿತು. ಸುತ್ತ ಕುಳಿತವರಲ್ಲಿ ಹೆಚ್ಚಿನವರು ಬಿಸಿನೆಸ್ ಕ್ಲಾಸಿನವರೇನೂ ಆಗಿರಲಿಲ್ಲ. ಬ್ಯಾಂಕ್ ಕಾರ್ಡ್ ಹಿಡಿದು ಬಂದ ತರುಣ ನೌಕರರು, ಮಕ್ಕಳೊಂದಿಗರಾದ ಕುಟುಂಬಗಳು. ಹೊರಗಿನ ಅಂಗಡಿಯಲ್ಲಿ ಹಣ ಕೊಟ್ಟು ಪಡೆಯುವುದನ್ನೇ ಇಲ್ಲಿ ಬೇರೊಂದು ದಾರಿಯಿಂದ ಹಣ ತೆತ್ತು ಪಡೆಯುತ್ತಾರೆ. ಇದರಲ್ಲಿ ದೊಡ್ಡಸ್ತಿಕೆಯ ರಹಸ್ಯವೇನೂ ಇಲ್ಲ.

ಕಾಫಿ ಮುಗಿಸಿ ಎದ್ದಾಗ ಬಾಗಿಲ ಬಳಿ ಮಾತು ಕೇಳಿಸಿತು. ಬೀದರ ಕಡೆಯ ಹಿರಿಯರೊಬ್ಬರು ಪತ್ನಿ ಮತ್ತು ಮಗಳೊಡನೆ ನಿಂತಿದ್ದರು. ಕಾರ್ಡ್ ಮಾಡಿಕೊಟ್ಟ ಏಜೆಂಟ್ ‘ಲೌಂಜ್ ಪುಕ್ಕಟೆ’ ಎಂದಿದ್ದನಂತೆ. ಇಲ್ಲಿ ಯಂತ್ರ ಒಪ್ಪಲಿಲ್ಲ.

“ಕಾರ್ಡ್ ನಡಿಯಂಗಿಲ್ಲ ಅಂತಾರಲ್ರೀ, ನಾವೇನ್ ತಪ್ಪ ಮಾಡೀವಿ?” ಎಂದು ಅವರು ನನ್ನನ್ನೇ ಕೇಳಿದರು.

“ತಪ್ಪೇನೂ ಇಲ್ರೀ ಕಾಕಾ. ಕಾರ್ಡಿನ ಷರತ್ತು ಏನದ ಅಂತ ಮೊದಲ ನೋಡೋಣ” ಎಂದೆ.

ಮಗಳು ಮೊಬೈಲಿನಲ್ಲಿ ಷರತ್ತುಗಳ ಪುಟ ತೆರೆದು, ಒಂದೊಂದೇ ಸಾಲು ಓದಿ, ತಂದೆಗೆ ಕನ್ನಡದಲ್ಲಿ ತಿಳಿಸಿ ಹೇಳಿದಳು. ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಮೊತ್ತ ಖರ್ಚು ಮಾಡಿದ್ದರೆ ಮಾತ್ರ ಪ್ರವೇಶವೆಂದು ಅಲ್ಲಿ ಬರೆದಿತ್ತು. ಹುಡುಗಿ ಕನ್ನಡ ಶಾಲೆಯಲ್ಲಿ ಕಲಿತವಳೆಂದು ಮಾತಿನ ನಡುವೆ ತಿಳಿಯಿತು. ಇಂಗ್ಲಿಷಿನ ಕರಾರನ್ನು ಅರ್ಥಮಾಡಿಕೊಂಡು ತಾಯ್ನುಡಿಯಲ್ಲಿ ವಿವರಿಸಬಲ್ಲ ಮಗು ಮನೆಗೆ ಎಷ್ಟು ದೊಡ್ಡ ಆಸರೆ! ತಂದೆಯ ಮುಖದ ಮೇಲಿನ ಅವಮಾನ ಕರಗಿತು. ಮೂವರೂ ಹೊರಗಿನ ಕುರ್ಚಿಗಳಲ್ಲಿ ಕುಳಿತು ಮನೆಯಿಂದ ತಂದ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದರು.

ಪ್ರವೇಶ ಒಂದು ಕರಾರು

ಲೌಂಜಿಗೆ ನಾಲ್ಕು ದಾರಿಗಳಿವೆ. ಬಿಸಿನೆಸ್ ಅಥವಾ ಫಸ್ಟ್ ಕ್ಲಾಸ್ ಟಿಕೆಟ್ ಮೊದಲನೆಯದು. ಇಲ್ಲಿಯೂ ಸಣ್ಣ ನಿಲ್ದಾಣಗಳಲ್ಲಿ ಲೌಂಜ್ ಇಲ್ಲದಿರಬಹುದು. ವಿಮಾನ ಕಂಪನಿಯ ಮೇಲ್ದರ್ಜೆಯ ಸದಸ್ಯತ್ವ ಎರಡನೆಯದು. ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್ ಮೂರನೆಯದು. ನೇರವಾಗಿ ಹಣ ಕೊಡುವುದು ನಾಲ್ಕನೆಯದು. ನಾಲ್ಕರಲ್ಲಿ ಯಾವುದೇ ಆದರೂ ಪ್ರವೇಶವು ಕರಾರಿನಿಂದ ಹುಟ್ಟುವ ಸೌಲಭ್ಯವೇ ಹೊರತು ಅಂತಸ್ತಿಗೆ ಸಲ್ಲುವ ಗೌರವವಲ್ಲ. ಆದ್ದರಿಂದ ಕರಾರನ್ನು ಓದಿಯೇ ಹೊರಡಬೇಕು. ವರ್ಷಕ್ಕೆ ಅಥವಾ ತ್ರೈಮಾಸಿಕಕ್ಕೆ ಎಷ್ಟು ಸಲ, ಎಷ್ಟು ತಾಸು, ಜೊತೆಗೆ ಬಂದವರಿಗೆ ಶುಲ್ಕವೆಷ್ಟು, ಖರ್ಚಿನ ಷರತ್ತು ಏನು ಎಂಬ ನಾಲ್ಕು ಸಂಗತಿಗಳು ಮುಖ್ಯ.

ಲೌಂಜಿನ ಆಸೆಗೆ ಕ್ರೆಡಿಟ್ ಕಾರ್ಡ್ ಪಡೆಯುವುದು ಜಾಣತನವಲ್ಲ. ಬಾಕಿ ಉಳಿದ ಹಣಕ್ಕೆ ಬಹುಪಾಲು ಕಾರ್ಡುಗಳು ತಿಂಗಳಿಗೆ ಶೇಕಡಾ ಮೂರು, ಮೂರೂವರೆಯಷ್ಟು ಬಡ್ಡಿ ವಿಧಿಸುತ್ತವೆ. ವರ್ಷದ ಲೆಕ್ಕ ಹಾಕಿದರೆ ಅದು ಶೇಕಡಾ ನಲವತ್ತರ ಆಸುಪಾಸು. ಪುಕ್ಕಟೆ ಇಡ್ಲಿಗಾಗಿ ಸಾಹುಕಾರನ ಬಡ್ಡಿಗಿಂತ ದುಬಾರಿಯಾದ ಸಾಲವನ್ನು ತಲೆಗೆ ಕಟ್ಟಿಕೊಂಡ ಹಾಗಾಗುತ್ತದೆ.

ಮೋಸದ ಬಲೆಯೂ ಉಂಟು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಇದೇ ಬೆಂಗಳೂರು ನಿಲ್ದಾಣದಲ್ಲಿ ಮಹಿಳೆಯೊಬ್ಬರಿಗೆ ಲೌಂಜ್ ಪ್ರವೇಶದ ನೆಪದಲ್ಲಿ ‘ಲೌಂಜ್ ಪಾಸ್’ ಎಂಬ ನಕಲಿ ಆ್ಯಪ್ ಹಾಕಿಸಲಾಯಿತು. ಆಕೆಯ ಖಾತೆಗೆ ₹87,000ಕ್ಕೂ ಹೆಚ್ಚು ಮೊತ್ತದ ಹೊರೆ ಬಿದ್ದಿತು. ಆದುದರಿಂದ ಕಾರ್ಡಿನ ಫೋಟೊ, ಓಟಿಪಿ ಯಾರಿಗೂ ಕೊಡಬಾರದು. ಗುರುತಿಲ್ಲದ ಆ್ಯಪ್ ಹಾಕಿಕೊಳ್ಳಬಾರದು. ಮೋಸವಾದರೆ ಆ ಕ್ಷಣವೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದ ಹಣ ಹೋಗಿದ್ದರೂ, ದೂರು ತಲುಪಿದ ನಂತರ ಆಗುವ ನಷ್ಟ ಬ್ಯಾಂಕಿನದು. ತಡಮಾಡಿದಷ್ಟೂ ನಷ್ಟ ನಮ್ಮ ಮೇಲೆಯೇ ಬೀಳುತ್ತದೆ.

ಗಾಜಿನ ಬಾಗಿಲ ಹೊರಗಿನ ಹಕ್ಕು

ಹಾಗಾದರೆ ಲೌಂಜಿಗೆ ಹೋಗಲಾರದ ಪ್ರಯಾಣಿಕ ನಿರ್ಗತಿಕನೇ? ಖಂಡಿತ ಅಲ್ಲ. ಲೌಂಜ್ ಕರಾರಿನಿಂದ ಬರುವ ಸೌಲಭ್ಯ. ಆದರೆ ಅತ್ಯಂತ ಅಗ್ಗದ ಟಿಕೆಟಿಗೂ ನಿಯಮದಿಂದ ಬರುವ ಹಕ್ಕುಗಳಿವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2010ರಲ್ಲಿ ಹೊರಡಿಸಿ, ಮುಂದೆ ತಿದ್ದುಪಡಿ ಮಾಡಿದ ನಿಯಮಗಳು ಹೀಗಿವೆ:

ಸಮಯಕ್ಕೆ ಸರಿಯಾಗಿ ಚೆಕ್-ಇನ್ ಮಾಡಿದ್ದು, ಎರಡೂವರೆ ತಾಸಿನ ಒಳಗಿನ ಹಾರಾಟವು ಎರಡು ತಾಸು ಅಥವಾ ಹೆಚ್ಚು ತಡವಾಗುವುದಾದರೆ, ಕಂಪನಿಯು ಊಟ ಉಪಾಹಾರ ಒದಗಿಸಬೇಕು. ಬೆಂಗಳೂರು–ಹೈದರಾಬಾದ್ ಹಾರಾಟ ಈ ವರ್ಗಕ್ಕೇ ಸೇರುತ್ತದೆ. ಕೇಳುವುದು ಭಿಕ್ಷೆಯಲ್ಲ.

ಟಿಕೆಟ್ ಖಾತ್ರಿಯಾಗಿದ್ದರೂ ಸ್ಥಳವಿಲ್ಲವೆಂದು ಹತ್ತಿಸಿಕೊಳ್ಳದಿದ್ದರೆ, ಒಂದು ತಾಸಿನೊಳಗೆ ಬೇರೆ ವಿಮಾನ ಕೊಡಬೇಕು. ಅದಕ್ಕಿಂತ ತಡವಾಗಿ, ಆದರೆ 24 ತಾಸಿನೊಳಗೆ ಕೊಟ್ಟರೆ ಒಂದು ಬದಿಯ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ಗರಿಷ್ಠ ₹10,000 ಪರಿಹಾರ ಸಲ್ಲುತ್ತದೆ. 24 ತಾಸು ಮೀರಿದರೆ ನಾಲ್ಕು ಪಟ್ಟು, ಗರಿಷ್ಠ ₹20,000.

ಸಕಾಲದಲ್ಲಿ ತಿಳಿಸದೆ ವಿಮಾನ ರದ್ದುಪಡಿಸಿದರೆ ಹಾರಾಟದ ಅವಧಿಗೆ ತಕ್ಕಂತೆ ₹5,000, ₹7,500 ಅಥವಾ ₹10,000ದ ಮಿತಿಯಲ್ಲಿ ಪರಿಹಾರವಿದೆ. ಬಿರುಗಾಳಿ, ಗಲಭೆಯಂತಹ ಕಂಪನಿಯ ಕೈಮೀರಿದ ಕಾರಣಗಳಿಗೆ ಈ ಪರಿಹಾರ ಅನ್ವಯಿಸದು.

ಬಿಸಿನೆಸ್ ಕ್ಲಾಸಿಗೆ ಹಣ ಪಡೆದು ಕೆಳದರ್ಜೆಯಲ್ಲಿ ಕೂರಿಸಿದರೆ, 2023ರ ಫೆಬ್ರವರಿಯಿಂದ ದೇಶದೊಳಗಿನ ಪ್ರಯಾಣದಲ್ಲಿ ತೆರಿಗೆ ಸೇರಿದ ಟಿಕೆಟ್ ಮೊತ್ತದ ಶೇಕಡಾ 75ರಷ್ಟನ್ನು ಮರಳಿ ಕೊಡಬೇಕು.

ಹೊರಗಿನ ದುಬಾರಿ ತಿಂಡಿಯ ಬಗ್ಗೆ ಸಂಸತ್ತಿನಲ್ಲಿಯೂ ಮಾತೆದ್ದಿತು. 2024ರ ಡಿಸೆಂಬರಿನಲ್ಲಿ ಕೋಲ್ಕತ್ತಾ ನಿಲ್ದಾಣದಲ್ಲಿ, 2025ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ‘ಉಡಾನ್ ಯಾತ್ರಿ ಕೆಫೆ’ ಆರಂಭವಾದವು. ಅಲ್ಲಿ ಚಹಾ ₹10, ನೀರಿನ ಬಾಟಲಿ ₹10, ಸಮೋಸಾ ₹20ರಂತೆ ಮಾರಾಟ ಆರಂಭಿಸಿದರು. ಎಲ್ಲ ನಿಲ್ದಾಣಗಳಲ್ಲಿಯೂ ಇಂಥ ಅಂಗಡಿ ಬರಬೇಕೆಂದು ಒತ್ತಾಯಿಸುವುದು ಲೌಂಜ್ ಪಾಸಿಗೆ ಹಂಬಲಿಸುವುದಕ್ಕಿಂತ ಮೇಲು.

ದೂರು ಎಲ್ಲಿ?

ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಅನ್ಯಾಯವಾದರೆ ಅಲ್ಲಿಗೇ ಅಲೆಯಬೇಕೆಂಬ ಭಯ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನಂತೆ, ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಅಂದರೆ ನಿಲಂಗಾ, ಉದಗೀರದವರಿಗೆ ಲಾತೂರು; ಉಮರ್ಗಾದವರಿಗೆ ಧಾರಾಶಿವ. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ಘಟನೆಯಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮುನ್ನ 1915 ಸಹಾಯವಾಣಿಗೆ ಕರೆ ಮಾಡಬಹುದು. ಅದು ಕನ್ನಡದಲ್ಲಿಯೂ ಲಭ್ಯ.

ದೂರಿಗೆ ಜೀವಾಳ ಪುರಾವೆ. ಟಿಕೆಟ್, ಬೋರ್ಡಿಂಗ್ ಪಾಸ್, ಕಂಪನಿ ಕಳಿಸಿದ ಸಂದೇಶ, ಪರದೆಯ ಮೇಲಿನ ಸಮಯದ ಫೋಟೊ, ಖರ್ಚಿನ ರಸೀದಿ ಇವನ್ನು ಕಾಯ್ದಿಡಿ. ಲೌಂಜಿನಲ್ಲಿ ಕುಳಿತವರೂ ಹೊರಗಿನ ಕುರ್ಚಿಯವರೂ ಪರದೆಯ ಮೇಲೆ ಕಣ್ಣಿಟ್ಟಿರಬೇಕು. ಅನೇಕ ನಿಲ್ದಾಣಗಳಲ್ಲಿ ಈಗ ಕೂಗಿ ಕರೆಯುವುದಿಲ್ಲ, ವಿಮಾನ ಹತ್ತುವ ಗೇಟು ಸಾಮಾನ್ಯವಾಗಿ 20–25 ನಿಮಿಷ ಮೊದಲೇ ಮುಚ್ಚುತ್ತದೆ.

ನಮ್ಮ ಕನ್ನಡ ಶಾಲೆಗಳ ಮೇಲಿನ ತರಗತಿಗಳಲ್ಲಿ ಒಂದು ದಿನ ಇಂತಹ ಟಿಕೆಟನ್ನೋ ಕಾರ್ಡಿನ ಷರತ್ತಿನ ಪುಟವನ್ನೋ ಮಕ್ಕಳ ಮುಂದಿಟ್ಟು ಓದಿಸಬೇಕೆಂದು ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ. ಸಣ್ಣ ಅಕ್ಷರದ ಕರಾರನ್ನು ಓದಿ, ಮನೆಮಂದಿಗೆ ಕನ್ನಡದಲ್ಲಿ ತಿಳಿಸಿ ಹೇಳುವುದನ್ನು ಕಲಿತ ಮಗು ನಾಳೆ ಯಾವ ಬಾಗಿಲ ಮುಂದೆಯೂ ತಲೆ ತಗ್ಗಿಸಿ ನಿಲ್ಲುವುದಿಲ್ಲ. ತನ್ನ ತಂದೆತಾಯಿಗಳನ್ನೂ ಹಾಗೆ ನಿಲ್ಲಗೊಡುವುದಿಲ್ಲ.